ಒಂದೇ ಜಾವಾ, ಮೂರು ವಿಳಾಸ

ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಹತಾರಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಕೊಡುವುದು ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್, ಅಂದರೆ ಎಸ್‌ಡಿಕೆ. ಆಂಡ್ರಾಯ್ಡ್ ಆ್ಯಪ್ ಕಟ್ಟುವವರಿಗೆ ಒಂದು ಕಿಟ್, ಐಫೋನ್ ಆ್ಯಪ್ ಕಟ್ಟುವವರಿಗೆ ಇನ್ನೊಂದು, ಮೈಕ್ರೋಸಾಫ್ಟಿನ ಡಾಟ್‌ನೆಟ್‌ಗೆ ಮತ್ತೊಂದು. ಜಾವಾ ಭಾಷೆಯ ಕಿಟ್‌ಗೆ ಜಾವಾ ಡೆವಲಪ್‌ಮೆಂಟ್ ಕಿಟ್, ಚಿಕ್ಕದಾಗಿ ಜೆಡಿಕೆ ಎಂದು ಹೆಸರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಜಾವಾ ಇರುವುದರಿಂದ ಕರ್ನಾಟಕದ ಬಹಳಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಕೈಯಾರೆ ಕೂರಿಸಿಕೊಳ್ಳುವ ಮೊದಮೊದಲ ಕಿಟ್‌ಗಳಲ್ಲಿ ಇದೂ ಒಂದು. ಭಾಷೆ ಕಲಿಸುವ ಪುಸ್ತಕಗಳು ಈ ಕೂರಿಸುವ ಕೆಲಸವನ್ನು ಅರ್ಧ ಪುಟದಲ್ಲಿ ಮುಗಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತವೆ. ಆದರೆ ಹೊಸಬರು ಎಡವುವುದು ಆ ಅರ್ಧ ಪುಟದಲ್ಲೇ. ಕಿಟ್ ಡಿಸ್ಕಿಗೆ ಇಳಿದರೆ ಅರ್ಧ ಕೆಲಸ ಮುಗಿಯಿತು. ಅದು ಎಲ್ಲಿ ಇಳಿದಿದೆ ಎಂಬ ವಿಳಾಸವನ್ನು ಕಂಪ್ಯೂಟರಿಗೆ ತಿಳಿಸುವುದು ಉಳಿದರ್ಧ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಈ ವಿಳಾಸವನ್ನು ಬರೆದಿಡುವ ರೀತಿ ಬೇರೆ ಬೇರೆ.

ಜಾವಾ ಹುಟ್ಟಿದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ. ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು 1991ರಲ್ಲಿ ಕೈಹಚ್ಚಿದ ಈ ಭಾಷೆಗೆ ಮೊದಲು ಓಕ್ ಎಂದು ಹೆಸರಿತ್ತು. 1995ರ ಮೇ ತಿಂಗಳಲ್ಲಿ ಅದು ಜಾವಾ ಎಂಬ ಹೆಸರಿನಲ್ಲಿ ಲೋಕದ ಮುಂದೆ ಬಂತು, 1996ರ ಜನವರಿಯಲ್ಲಿ ಮೊದಲ ಜೆಡಿಕೆ ಹೊರಬಂತು. ಒಮ್ಮೆ ಬರೆದ ಪ್ರೋಗ್ರಾಮ್ ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ಓಡಬೇಕು ಎಂಬುದು ಈ ಭಾಷೆಯ ದೊಡ್ಡ ಭರವಸೆ. ಅದು ಬಹುಮಟ್ಟಿಗೆ ನಿಜವೂ ಆಯಿತು. ಜಾವಾದ ಕಂಪೈಲರ್ ಪ್ರೋಗ್ರಾಮನ್ನು ಬೈಟ್‌ಕೋಡ್ ಎಂಬ ನಡುಭಾಷೆಗೆ ತರುತ್ತದೆ. ಆ ನಡುಭಾಷೆಯನ್ನು ಆಯಾ ಕಂಪ್ಯೂಟರಿನಲ್ಲಿರುವ ಜಾವಾ ವರ್ಚುವಲ್ ಮಷೀನ್ ಓದಿ ನಡೆಸುತ್ತದೆ. ಮೈಸೂರಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಆದ ಫೈಲು ದೂರದ ಲಿನಕ್ಸ್ ಸರ್ವರಿನಲ್ಲಿ ಒಂದಕ್ಷರವೂ ಬದಲಾಗದೆ ಓಡುವುದು ಹೀಗೆ. ಆದರೆ ಓಡಿಸುವ ಆ ಯಂತ್ರ ಮಾತ್ರ ಪ್ರತಿ ಆಪರೇಟಿಂಗ್ ಸಿಸ್ಟಮ್‌ಗೂ ಪ್ರತಿ ಬಗೆಯ ಚಿಪ್‌ಗೂ ಬೇರೆಯಾಗಿಯೇ ತಯಾರಾಗಬೇಕು. ಎಲ್ಲೆಡೆ ಒಂದೇ ಆಗಿರುವುದು ಪ್ರೋಗ್ರಾಮ್; ಕಿಟ್ ಒಂದೇ ಅಲ್ಲ.

ಕಿಟ್ ಬಿಚ್ಚಿ ನೋಡಿದರೆ ಒಳಗೆ ‘ಬಿನ್’ ಎಂಬ ಫೋಲ್ಡರ್ ಕಾಣುತ್ತದೆ. ಹತಾರಗಳೆಲ್ಲ ಇರುವುದು ಅಲ್ಲಿ. ಬರೆದದ್ದನ್ನು ಬೈಟ್‌ಕೋಡಿಗೆ ತರುವ ಕಂಪೈಲರ್ ‘ಜಾವಾಸಿ’, ಬೈಟ್‌ಕೋಡನ್ನು ಓಡಿಸುವ ‘ಜಾವಾ’, ಹತ್ತಾರು ಫೈಲುಗಳನ್ನು ಒಂದು ಗಂಟಿಗೆ ಕಟ್ಟುವ ‘ಜಾರ್’, ಬರೆದ ಕೋಡಿನಿಂದಲೇ ಕೈಪಿಡಿ ತಯಾರಿಸುವ ‘ಜಾವಾಡಾಕ್’, 2017ರ ಒಂಬತ್ತನೇ ಆವೃತ್ತಿಯಿಂದ ಸೇರಿಕೊಂಡ, ಒಂದೊಂದೇ ಸಾಲು ಬರೆದು ಪರೀಕ್ಷಿಸಲು ಬರುವ ‘ಜೆಶೆಲ್’. ಹಿಂದೆ ಪ್ರೋಗ್ರಾಮ್ ಓಡಿಸುವುದಕ್ಕಷ್ಟೇ ಸಾಕಾಗುವ ಚಿಕ್ಕ ಕಟ್ಟೊಂದು ಜೆಆರ್‌ಇ ಎಂಬ ಹೆಸರಿನಲ್ಲಿ ಬೇರೆಯಾಗಿ ಸಿಗುತ್ತಿತ್ತು. ಅದರಲ್ಲಿ ಕಂಪೈಲರ್ ಇರುವುದಿಲ್ಲ. ಜೆಆರ್‌ಇ ಹಾಕಿಕೊಂಡು ಕಂಪೈಲರ್‌ಗಾಗಿ ದಿನಗಟ್ಟಲೆ ಹುಡುಕಾಡಿದ ವಿದ್ಯಾರ್ಥಿಗಳಿದ್ದಾರೆ. 2018ರ ಹನ್ನೊಂದನೇ ಆವೃತ್ತಿಯಿಂದ ಒರಾಕಲ್ ಜೆಆರ್‌ಇಯನ್ನು ಬೇರೆಯಾಗಿ ಕೊಡುವುದನ್ನು ನಿಲ್ಲಿಸಿದರೂ ಬೇರೆ ತಯಾರಕರ ಡೌನ್‌ಲೋಡ್ ಪುಟಗಳಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಕಲಿಯುವವರು ಆರಿಸಬೇಕಾದದ್ದು ಜೆಡಿಕೆಯನ್ನೇ.

ಆ ಪುಟದಲ್ಲಿ ಮುಂದಿನ ಪ್ರಶ್ನೆ, ಯಾವ ಆವೃತ್ತಿ? ಈಗ ಆರು ತಿಂಗಳಿಗೊಂದು ಹೊಸ ಜಾವಾ ಬರುತ್ತದೆ. ಎಲ್ಲವನ್ನೂ ಬೆನ್ನುಹತ್ತಬೇಕಾಗಿಲ್ಲ. ವರ್ಷಗಟ್ಟಲೆ ದುರಸ್ತಿ ಮತ್ತು ಭದ್ರತೆಯ ಅಪ್‌ಡೇಟ್ ಸಿಗುತ್ತದೆ ಎಂದು ಗೊತ್ತುಮಾಡಿದ ಆವೃತ್ತಿಗಳಿಗೆ ಎಲ್‌ಟಿಎಸ್ ಎನ್ನುತ್ತಾರೆ: 2014ರ 8, 2018ರ 11, 2021ರ 17, 2023ರ 21, 2025ರ 25. ಕಾಲೇಜು ಅಥವಾ ಕಚೇರಿ ಇಂಥದ್ದೇ ಬೇಕೆಂದು ಹೇಳಿದ್ದರೆ ಅದು; ಹೇಳದಿದ್ದರೆ ಇವುಗಳಲ್ಲಿ ಇತ್ತೀಚಿನದು. ಯಾರ ಕಿಟ್ ಎಂಬುದು ಇನ್ನೊಂದು ಗೊಂದಲ. 2006ರಲ್ಲಿ ಸನ್ ಕಂಪನಿ ಜಾವಾವನ್ನು ಮುಕ್ತ ತಂತ್ರಾಂಶವಾಗಿಸುವುದಾಗಿ ಸಾರಿತು. ಆ ಮೂಲಕೋಡೇ ಓಪನ್‌ಜೆಡಿಕೆ. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡುಕೊಂಡಿತು. ಈಗ ಒಂದೇ ಮೂಲಕೋಡಿನಿಂದ ಒರಾಕಲ್, ಅಮೆಜಾನ್, ಮೈಕ್ರೋಸಾಫ್ಟ್, ಅಜುಲ್ ಎಲ್ಲರೂ ತಮ್ಮ ತಮ್ಮ ಕಿಟ್ ತಯಾರಿಸುತ್ತಾರೆ. ಎಕ್ಲಿಪ್ಸ್ ಸಂಸ್ಥೆಯ ಆಶ್ರಯದ ಕಿಟ್‌ಗೆ ಟೆಮುರಿನ್ ಎಂದು ಹೆಸರು. ಕಲಿಕೆಗೆ ಇವುಗಳ ನಡುವೆ ಕಾಣುವಂಥ ವ್ಯತ್ಯಾಸವೇನೂ ಇಲ್ಲ. ವ್ಯಾಪಾರಕ್ಕೆ ಬಳಸುವವರು ಮಾತ್ರ ಪರವಾನಗಿಯ ಷರತ್ತನ್ನು ಓದಿಯೇ ಮುಂದುವರಿಯಬೇಕು, ಏಕೆಂದರೆ 2019ರಿಂದೀಚೆಗೆ ಒರಾಕಲ್ ಕಿಟ್‌ನ ಷರತ್ತುಗಳು ಒಂದಕ್ಕಿಂತ ಹೆಚ್ಚು ಸಲ ಬದಲಾಗಿವೆ.

ಡೌನ್‌ಲೋಡ್ ಒತ್ತುವ ಮೊದಲು ಕಂಪ್ಯೂಟರಿನ ಚಿಪ್ ಯಾವುದೆಂದು ತಿಳಿದಿರಬೇಕು. ಇಂಟೆಲ್ ಮತ್ತು ಎಎಮ್‌ಡಿ ಚಿಪ್‌ಗಳಿಗೆ ‘ಎಕ್ಸ್64’ ಎಂದು ಗುರುತಿರುವ ಫೈಲು. 2020ರ ನವೆಂಬರ್‌ನಿಂದ ಬಂದ ಎಮ್1 ಮತ್ತು ಅದರ ನಂತರದ ಆಪಲ್ ಚಿಪ್‌ಗಳಿಗೆ, ಹಾಗೆಯೇ ಎಆರ್‌ಎಮ್ ಚಿಪ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ‘ಎಆರ್ಚ್64’ ಅಥವಾ ‘ಎಆರ್‌ಎಮ್64’ ಎಂದಿರುವ ಫೈಲು. 32 ಬಿಟ್‌ನ ಹಳೆಯ ವಿಂಡೋಸ್ ಯಂತ್ರಗಳಿಗೆ ಹೊಸ ಜಾವಾದ ಬಾಗಿಲು ಮುಚ್ಚಿದೆ: 2025ರ ಮಾರ್ಚ್‌ನಲ್ಲಿ ಬಂದ 24ನೇ ಆವೃತ್ತಿಯ ಮೂಲಕೋಡಿನಿಂದ ಆ ಭಾಗವನ್ನೇ ತೆಗೆದುಹಾಕಲಾಯಿತು. ಫೈಲಿನ ಗಾತ್ರ 200 ಎಂಬಿಯ ಆಸುಪಾಸು. ಲ್ಯಾಬಿನ ಮೂವತ್ತು ಕಂಪ್ಯೂಟರಿಗೂ ಮೂವತ್ತು ಸಲ ಇಳಿಸುವ ಬದಲು ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳಬಹುದು. ಆದರೆ ಕೈಯಿಂದ ಕೈಗೆ ಬಂದ ಫೈಲು ಮೂಲದ್ದೇ ಎಂದು ಪರೀಕ್ಷಿಸಿಕೊಳ್ಳಬೇಕು. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ-256 ಎಂಬ ಹೆಸರಿನಡಿ 64 ಅಕ್ಷರಗಳ ಉದ್ದನೆಯ ಗುರುತು ಇರುತ್ತದೆ. ವಿಂಡೋಸಿನ ‘ಸರ್ಟ್‌ಯುಟಿಲ್’, ಮ್ಯಾಕಿನ ‘ಶಾಸಮ್’, ಲಿನಕ್ಸಿನ ‘ಶಾ256ಸಮ್’ ಕಮಾಂಡುಗಳು ಕೈಯಲ್ಲಿರುವ ಫೈಲಿನಿಂದ ಅದೇ ಗುರುತನ್ನು ಲೆಕ್ಕಹಾಕಿ ತೋರಿಸುತ್ತವೆ. ಎರಡೂ ತಾಳೆಯಾದರೆ ಫೈಲು ನಂಬಿಕೆಗೆ ಅರ್ಹ. ಒಂದಕ್ಷರ ಬೇರೆಯಿದ್ದರೂ ಅದನ್ನು ಅಳಿಸಿ ಮತ್ತೆ ಇಳಿಸಿಕೊಳ್ಳುವುದೇ ಸರಿ.

ಇನ್ನು ವಿಳಾಸದ ವಿಷಯ. ಕಮಾಂಡ್ ವಿಂಡೋದಲ್ಲಿ ‘ಜಾವಾಸಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ ಆಗುವುದೇನು? ಕಂಪ್ಯೂಟರ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ; ಹಾಗೆ ಮಾಡಿದರೆ ಪ್ರತಿ ಕಮಾಂಡಿಗೂ ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಅದರ ಬಳಿ ‘ಪಾತ್’ ಎಂಬ ಪಟ್ಟಿಯೊಂದಿದೆ. ಫೋಲ್ಡರುಗಳ ಹೆಸರುಗಳನ್ನು ಸಾಲಾಗಿ ಬರೆದಿಟ್ಟ ಒಂದೇ ಉದ್ದನೆಯ ಸಾಲು ಅದು. ವಿಂಡೋಸಿನಲ್ಲಿ ಹೆಸರು ಹೆಸರಿನ ನಡುವೆ ಸೆಮಿಕೋಲನ್, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಕೋಲನ್. ಕಂಪ್ಯೂಟರ್ ಮೊದಲ ಫೋಲ್ಡರಿಗೆ ಹೋಗಿ ‘ಜಾವಾಸಿ’ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಸಿಕ್ಕ ತಕ್ಷಣ ಹುಡುಕುವುದನ್ನು ನಿಲ್ಲಿಸಿ ಅದನ್ನು ಓಡಿಸುತ್ತದೆ. ಕೊನೆಯವರೆಗೂ ಸಿಗದಿದ್ದರೆ ಅಂಥ ಕಮಾಂಡೇ ಇಲ್ಲ ಎಂಬ ಅರ್ಥದ ಸಂದೇಶ ಕೊಟ್ಟು ಕೈಚೆಲ್ಲುತ್ತದೆ. ಕಿಟ್ ಡಿಸ್ಕಿನಲ್ಲೇ ಇರುತ್ತದೆ, ಅದರ ‘ಬಿನ್’ ಫೋಲ್ಡರಿನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೆ. ಆ ಸಂದೇಶ ಕಂಡು ತನಗೆ ಪ್ರೋಗ್ರಾಮಿಂಗ್ ಒಗ್ಗುವುದಿಲ್ಲವೆಂದು ಹಿಂದೆ ಸರಿಯುವ ಹುಡುಗ ಹುಡುಗಿಯರಿದ್ದಾರೆ. ಬುದ್ಧಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಮೊದಲ ತರಗತಿಯಲ್ಲೇ ಹೇಳಬೇಕಾದ ಮಾತು ಇದು.

ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ ಎಂಬುದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಹಳೆಯ ಜಾವಾದ ವಿಳಾಸ ಮುಂದೆಯೂ ಹೊಸದರದ್ದು ಹಿಂದೆಯೂ ಇದ್ದರೆ ಎಷ್ಟು ಹೊಸ ಕಿಟ್ ಹಾಕಿದರೂ ಓಡುವುದು ಹಳೆಯದೇ. ಹೀಗಾಗಿದೆ ಎಂಬ ಅನುಮಾನ ಬಂದರೆ ವಿಂಡೋಸಿನಲ್ಲಿ ‘ವೇರ್ ಜಾವಾ’ ಎಂದು, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ‘ವಿಚ್’ ಎಂಬ ಕಮಾಂಡಿನ ಜೊತೆ ‘ಎ’ ಗುರುತು ಹಾಕಿ ಕೇಳಿದರೆ ಪಟ್ಟಿಯಲ್ಲಿ ಸಿಗುವ ಜಾವಾಗಳೆಲ್ಲ ಕ್ರಮವಾಗಿ ತೆರೆಯ ಮೇಲೆ ಬರುತ್ತವೆ.

‘ಪಾತ್’ ಪಟ್ಟಿಯ ಜೊತೆಗೆ ‘ಜಾವಾ ಹೋಮ್’ ಎಂಬ ಇನ್ನೊಂದು ಗುರುತು ಬೇಕಾಗುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡಿಗೆರೆ ಹಾಕಿ ಬರೆಯುವ ಹೆಸರು ಅದು. ಮೇವನ್, ಗ್ರೇಡಲ್, ಟಾಮ್‌ಕ್ಯಾಟ್‌ನಂಥ ಸಲಕರಣೆಗಳು ಜಾವಾದ ಮನೆ ಯಾವುದೆಂದು ತಿಳಿಯಲು ಇದನ್ನೇ ನೋಡುತ್ತವೆ. ಇದರಲ್ಲಿ ಬರೆಯಬೇಕಾದದ್ದು ಕಿಟ್‌ನ ಹೊರಗಿನ ಫೋಲ್ಡರು, ‘ಬಿನ್’ ಸೇರಿಸದೆ. ‘ಪಾತ್’ನಲ್ಲಿ ಬರೆಯಬೇಕಾದದ್ದು ‘ಬಿನ್’ ಸೇರಿಸಿ. ಮನೆಯ ವಿಳಾಸ ಒಂದರಲ್ಲಿ, ಮನೆಯೊಳಗಿನ ಹತಾರದ ಕೋಣೆಯದ್ದು ಇನ್ನೊಂದರಲ್ಲಿ. ಇವೆರಡು ಅದಲುಬದಲಾಗುವುದು ತೀರ ಸಾಮಾನ್ಯ.

ವಿಂಡೋಸಿನಲ್ಲಿ ಎಮ್‌ಎಸ್‌ಐ ಅಥವಾ ಇಎಕ್ಸ್‌ಇ ರೂಪದ ಇನ್‌ಸ್ಟಾಲರನ್ನು ಎರಡು ಸಲ ಕ್ಲಿಕ್ ಮಾಡಿದರೆ ಕಿಟ್ ಸಾಮಾನ್ಯವಾಗಿ ಸಿ ಡ್ರೈವಿನ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಕೂರುತ್ತದೆ. ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋಗುವವರು ನಡುವೆ ಬರುವ ಒಂದು ಪುಟದಲ್ಲಿ ನಿಲ್ಲಬೇಕು. ‘ಪಾತ್’ಗೆ ಸೇರಿಸಬೇಕೇ, ‘ಜಾವಾ ಹೋಮ್’ ಬರೆಯಬೇಕೇ ಎಂಬ ಆಯ್ಕೆಗಳು ಅಲ್ಲಿರುತ್ತವೆ. ಕೆಲವು ಇನ್‌ಸ್ಟಾಲರುಗಳಲ್ಲಿ ಎರಡನೆಯದು ತಾನಾಗಿ ಆಯ್ಕೆಯಾಗಿರುವುದಿಲ್ಲ. ಅದನ್ನು ಆರಿಸಿಬಿಟ್ಟರೆ ಮುಂದಿನ ಕೈಕೆಲಸವೆಲ್ಲ ಉಳಿಯುತ್ತದೆ. ಆರಿಸದೆ ದಾಟಿಹೋದವರು ಸ್ಟಾರ್ಟ್ ಮೆನುವಿನ ಹುಡುಕುಪಟ್ಟಿಯಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಟೈಪ್ ಮಾಡಿ ಆ ಹೆಸರಿನ ಕಿಟಕಿ ತೆರೆಯಬೇಕು. ಅಲ್ಲಿ ಎರಡು ಪಟ್ಟಿಗಳಿವೆ. ಮೇಲಿನದು ಲಾಗಿನ್ ಆಗಿರುವವರಿಗೆ ಮಾತ್ರ ಸೇರಿದ್ದು, ಕೆಳಗಿನದು ಇಡೀ ಕಂಪ್ಯೂಟರಿಗೆ ಸೇರಿದ್ದು. ಕೆಳಗಿನದನ್ನು ತಿದ್ದಲು ಅಡ್ಮಿನ್ ಅಧಿಕಾರ ಬೇಕು. ವಿಂಡೋಸ್ ‘ಪಾತ್’ ಕಟ್ಟುವಾಗ ಇಡೀ ಕಂಪ್ಯೂಟರಿನದನ್ನು ಮೊದಲು ಇಟ್ಟು ಬಳಕೆದಾರರದ್ದನ್ನು ಆಮೇಲೆ ಜೋಡಿಸುತ್ತದೆ. ಹೀಗಾಗಿ ಕೆಳಗಿನ ಪಟ್ಟಿಯಲ್ಲಿ ಹಳೆಯ ಜಾವಾ ಕೂತಿದ್ದರೆ ಮೇಲಿನ ಪಟ್ಟಿಯಲ್ಲಿ ಎಷ್ಟು ಸರಿಯಾಗಿ ಬರೆದರೂ ಅದು ಗೆಲ್ಲುವುದಿಲ್ಲ. ಒರಾಕಲ್ ಇನ್‌ಸ್ಟಾಲರ್ ‘ಜಾವಾಪಾತ್’ ಎಂಬ ಫೋಲ್ಡರೊಂದನ್ನು ಇಡೀ ಕಂಪ್ಯೂಟರಿನ ಪಟ್ಟಿಗೆ ಸೇರಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಬರೆದು ಓಕೆ ಒತ್ತಿದ ಮೇಲೂ ಆಗಲೇ ತೆರೆದಿದ್ದ ಕಮಾಂಡ್ ವಿಂಡೋದಲ್ಲಿ ಏನೂ ಬದಲಾಗುವುದಿಲ್ಲ. ಪ್ರತಿ ಪ್ರೋಗ್ರಾಮೂ ಶುರುವಾಗುವ ಹೊತ್ತಿನಲ್ಲಿ ಪಟ್ಟಿಯ ಒಂದು ನಕಲನ್ನು ತನ್ನ ಜೊತೆ ಇಟ್ಟುಕೊಳ್ಳುತ್ತದೆ. ಮೂಲ ಬದಲಾದದ್ದು ಆ ನಕಲಿಗೆ ತಿಳಿಯದು. ಹಳೆಯ ವಿಂಡೋ ಮುಚ್ಚಿ ಹೊಸದನ್ನು ತೆರೆದರೆ ಸಾಕು. ಇದು ಗೊತ್ತಿಲ್ಲದೆ ಕಿಟ್ ತೆಗೆದು ಮತ್ತೆ ಮತ್ತೆ ಹಾಕುತ್ತ ಸಂಜೆಗಳನ್ನು ಕಳೆದುಕೊಳ್ಳುವವರನ್ನು ಹಾಸ್ಟೆಲುಗಳಲ್ಲಿ ಈಗಲೂ ಕಾಣಬಹುದು. ‘ಸೆಟ್‌ಎಕ್ಸ್’ ಎಂಬ ಕಮಾಂಡಿನಿಂದ ‘ಪಾತ್’ ತಿದ್ದಿರೆಂಬ ಸಲಹೆ ಹಲವೆಡೆ ಸಿಗುತ್ತದೆ. ಆ ಕಮಾಂಡು 1024 ಅಕ್ಷರಗಳಾಚೆಗಿನದನ್ನು ಕತ್ತರಿಸಿಹಾಕುತ್ತದೆ. ಪಟ್ಟಿ ಉದ್ದವಿದ್ದರೆ ಬಾಲದಲ್ಲಿದ್ದ ಬೇರೆ ಪ್ರೋಗ್ರಾಮುಗಳ ವಿಳಾಸಗಳು ಸದ್ದಿಲ್ಲದೆ ಅಳಿದುಹೋಗುತ್ತವೆ. ‘ಪಾತ್’ ಮಟ್ಟಿಗೆ ಕಿಟಕಿ ತೆರೆದು ಕೈಯಿಂದ ತಿದ್ದುವುದೇ ಕ್ಷೇಮ.

ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಲ್ಯಾಬ್ ಕಂಪ್ಯೂಟರಿನಲ್ಲೂ ದಾರಿಯಿದೆ. ಕಿಟ್ ಜಿಪ್ ರೂಪದಲ್ಲೂ ಸಿಗುತ್ತದೆ. ಅದನ್ನು ತನ್ನ ಫೋಲ್ಡರಿನಲ್ಲಿ ಬಿಚ್ಚಿ, ತನ್ನ ಪಟ್ಟಿಯಲ್ಲಿ ಮಾತ್ರ ವಿಳಾಸ ಬರೆದುಕೊಂಡರಾಯಿತು. ಬಿಚ್ಚುವ ಜಾಗದ ಹೆಸರಿನಲ್ಲಿ ಖಾಲಿ ಜಾಗ ಇಲ್ಲದಿರುವುದು ಒಳ್ಳೆಯದು, ಏಕೆಂದರೆ ಕೆಲವು ಹಳೆಯ ಸ್ಕ್ರಿಪ್ಟುಗಳು ಖಾಲಿ ಜಾಗ ಬಂದಲ್ಲಿ ಹೆಸರು ಮುಗಿಯಿತೆಂದು ತಿಳಿಯುತ್ತವೆ.

ಮ್ಯಾಕಿನ ಕಥೆ ಬೇರೆ. ಒಂದು ಕಾಲಕ್ಕೆ ಆಪಲ್ ತಾನೇ ಜಾವಾ ತಯಾರಿಸಿ ಮ್ಯಾಕಿನ ಜೊತೆ ಕೊಡುತ್ತಿತ್ತು. 2010ರಲ್ಲಿ ಅದರಿಂದ ಹಿಂದೆ ಸರಿಯುವ ಸೂಚನೆ ಕೊಟ್ಟು, 2011ರ ಲಯನ್ ಆವೃತ್ತಿಯಿಂದ ಮೊದಲೇ ಹಾಕಿ ಕೊಡುವುದನ್ನು ನಿಲ್ಲಿಸಿತು. ಆದರೆ ‘ಜಾವಾ’ ಎಂಬ ಹೆಸರಿನ ಒಂದು ಪುಟ್ಟ ಪ್ರೋಗ್ರಾಮ್ ಸಿಸ್ಟಮಿನ ಫೋಲ್ಡರಿನಲ್ಲಿ ಇಂದಿಗೂ ಉಳಿದಿದೆ. ಅದು ನಿಜವಾದ ಜಾವಾ ಅಲ್ಲ, ನಿಜವಾದದ್ದು ಎಲ್ಲಿದೆ ಎಂದು ಹುಡುಕಿ ಕೆಲಸವನ್ನು ಅದಕ್ಕೆ ಒಪ್ಪಿಸುವ ಬಾಗಿಲುಕಾಯುವವನು. ಕಿಟ್ ಹಾಕದಿದ್ದರೆ ಜಾವಾ ಸಿಗುತ್ತಿಲ್ಲ ಎಂದು ಹೇಳುವುದೂ ಇದೇ. ಪಿಕೆಜಿ ರೂಪದ ಇನ್‌ಸ್ಟಾಲರ್ ಕಿಟ್‌ಗಳನ್ನು ‘ಲೈಬ್ರರಿ’ ಫೋಲ್ಡರಿನೊಳಗಿನ ‘ಜಾವಾ’, ಅದರೊಳಗಿನ ‘ಜಾವಾ ವರ್ಚುವಲ್ ಮಷೀನ್ಸ್’ ಎಂಬಲ್ಲಿ ಒಂದರ ಪಕ್ಕ ಒಂದರಂತೆ ಇಡುತ್ತದೆ. ಬಾಗಿಲುಕಾಯುವವನು ಹುಡುಕುವುದೂ ಅಲ್ಲೇ. ಆದ್ದರಿಂದ ಮ್ಯಾಕಿನಲ್ಲಿ ಇನ್‌ಸ್ಟಾಲರ್ ಬಳಸಿದವರು ‘ಪಾತ್’ ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ‘ಜಾವಾ ಹೋಮ್’ ಹೆಸರಿನದೇ ಒಂದು ಚಿಕ್ಕ ಕಮಾಂಡೂ ಸಿಸ್ಟಮಿನಲ್ಲಿದ್ದು, ಯಾವ ಯಾವ ಕಿಟ್ ಇದೆ ಎಂದು ಪಟ್ಟಿ ಮಾಡುತ್ತದೆ. 17 ಬೇಕೆಂದು ಕೇಳಿದರೆ 17ರ ವಿಳಾಸವನ್ನು ಕೈಗಿಡುತ್ತದೆ. ವಿಳಾಸವನ್ನು ಕಂಠಪಾಠ ಮಾಡಬೇಕಾಗಿಲ್ಲದ ಈ ಏರ್ಪಾಡು ಮೂರರಲ್ಲೂ ಅಚ್ಚುಕಟ್ಟಾದದ್ದು ಎನ್ನಲು ಅಡ್ಡಿಯಿಲ್ಲ.

ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ ಓಪನ್‌ಜೆಡಿಕೆ ಹಾಕಿಕೊಂಡವರಿಗೆ ಮಾತ್ರ ಇದು ತಾನಾಗಿ ಒದಗುವುದಿಲ್ಲ. ಹೋಮ್‌ಬ್ರೂ ತನ್ನ ಕಿಟ್ಟನ್ನು ಬೇರೆ ಕಡೆ ಇಡುತ್ತದೆ: ಆಪಲ್ ಚಿಪ್ಪಿನ ಮ್ಯಾಕಿನಲ್ಲಿ ‘ಆಪ್ಟ್’ ಒಳಗಿನ ‘ಹೋಮ್‌ಬ್ರೂ’, ಇಂಟೆಲ್ ಮ್ಯಾಕಿನಲ್ಲಿ ‘ಯೂಎಸ್‌ಆರ್’ ಒಳಗಿನ ‘ಲೋಕಲ್’. ಅಲ್ಲಿಂದ ಬಾಗಿಲುಕಾಯುವವನು ನೋಡುವ ಜಾಗಕ್ಕೆ ಒಂದು ಕೊಂಡಿ ಹಾಕಿಕೊಡಬೇಕು. ಅದಕ್ಕೆ ಬೇಕಾದ ಕಮಾಂಡನ್ನು ಇನ್‌ಸ್ಟಾಲ್ ಮುಗಿದಾಗ ಹೋಮ್‌ಬ್ರೂ ತಾನೇ ತೆರೆಯ ಮೇಲೆ ಬರೆದಿರುತ್ತದೆ. ಓದದೆ ಮುಚ್ಚಿಬಿಡುವವರೇ ಹೆಚ್ಚು. 2019ರ ಕ್ಯಾಟಲಿನಾದಿಂದ ಮ್ಯಾಕಿನ ಟರ್ಮಿನಲ್ ಬ್ಯಾಷ್ ಬಿಟ್ಟು ಝಡ್‌ಶೆಲ್ ಬಳಸುತ್ತಿದೆ. ‘ಜಾವಾ ಹೋಮ್’ ಬರೆಯಬೇಕಾದದ್ದು ಹೋಮ್ ಫೋಲ್ಡರಿನ ‘ಝಡ್‌ಎಸ್‌ಎಚ್‌ಆರ್‌ಸಿ’ ಎಂಬ, ಚುಕ್ಕಿಯಿಂದ ಶುರುವಾಗುವ ಫೈಲಿನಲ್ಲಿ. ಹಳೆಯ ಪುಸ್ತಕ ನೋಡಿ ಬ್ಯಾಷಿನ ಫೈಲಿನಲ್ಲಿ ಬರೆದದ್ದನ್ನು ಝಡ್‌ಶೆಲ್ ತೆರೆದೂ ನೋಡುವುದಿಲ್ಲ. ಆಪಲ್ ಚಿಪ್‌ಗೆಂದೇ ತಯಾರಾದ ಜಾವಾ 17ನೇ ಆವೃತ್ತಿಯಿಂದ ಮೂಲಕೋಡಿನಲ್ಲೇ ಇದೆ. ಇಂಟೆಲ್ ಕಿಟ್ ಹಾಕಿದರೂ ರೊಸೆಟ್ಟಾ ಎಂಬ ಅನುವಾದಕದ ನೆರವಿನಿಂದ ಓಡೀತು, ಆದರೆ ನಿಧಾನವಾಗಿ.

ಲಿನಕ್ಸಿನಲ್ಲಿ ಡೌನ್‌ಲೋಡ್ ಪುಟ ಹುಡುಕುವ ಕೆಲಸವೇ ಇಲ್ಲ. ಉಬುಂಟು, ಡೆಬಿಯನ್‌ನಲ್ಲಿ ‘ಎಪಿಟಿ’, ಫೆಡೋರಾದಲ್ಲಿ ‘ಡಿಎನ್‌ಎಫ್’ ಎಂಬ ಪ್ಯಾಕೇಜ್ ಮ್ಯಾನೇಜರ್ ಒಂದೇ ಕಮಾಂಡಿನಲ್ಲಿ ಕಿಟ್ ತರಿಸಿ, ಕೂರಿಸಿ, ‘ಪಾತ್’ನಲ್ಲಿ ಆಗಲೇ ಇರುವ ಫೋಲ್ಡರಿಗೆ ಕೊಂಡಿಯನ್ನೂ ಹಾಕುತ್ತದೆ. ಗಮನ ಇಡಬೇಕಾದದ್ದು ಪ್ಯಾಕೇಜಿನ ಹೆಸರಿನ ಬಾಲದ ಮೇಲೆ. ಉಬುಂಟುವಿನಲ್ಲಿ ‘ಓಪನ್‌ಜೆಡಿಕೆ-21’ ಎಂಬ ಹೆಸರಿನ ಕೊನೆಗೆ ‘ಜೆಆರ್‌ಇ’ ಎಂದಿದ್ದರೆ ಅದರಲ್ಲಿ ಕಂಪೈಲರ್ ಇಲ್ಲ, ‘ಜೆಡಿಕೆ’ ಎಂದಿದ್ದರೆ ಇದೆ. ಅದರ ಮುಂದೆ ‘ಹೆಡ್‌ಲೆಸ್’ ಎಂದೂ ಇದ್ದರೆ ಕಂಪೈಲರ್ ಇದೆ, ಆದರೆ ಕಿಟಕಿ, ಗುಂಡಿಗಳನ್ನು ತೆರೆಯ ಮೇಲೆ ತೋರಿಸುವ ಭಾಗ ಇಲ್ಲ. ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ಕಂಪೈಲರ್ ಬೇಕಾದರೆ ಹೆಸರಿನ ಕೊನೆಗೆ ‘ಡೆವೆಲ್’ ಇರಲೇಬೇಕು. ಆ ಒಂದು ಪದ ಬಿಟ್ಟವರಿಗೆ ‘ಜಾವಾ’ ಓಡುತ್ತದೆ, ‘ಜಾವಾಸಿ’ ಸಿಗುವುದಿಲ್ಲ.

ಕಿಟ್‌ಗಳು ಕೂರುವುದು ‘ಯೂಎಸ್‌ಆರ್’, ‘ಲಿಬ್’, ‘ಜೆವಿಎಮ್’ ಎಂಬ ಒಂದರೊಳಗೊಂದು ಇರುವ ಫೋಲ್ಡರುಗಳಲ್ಲಿ. ಎರಡು ಮೂರು ಆವೃತ್ತಿಗಳಿದ್ದರೆ ಯಾವುದು ಓಡಬೇಕೆಂದು ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಎಂಬ ಕಮಾಂಡಿನಿಂದ ಆರಿಸಬಹುದು. ಅದನ್ನು ‘ಜಾವಾ’ಗೆ ಒಮ್ಮೆ, ‘ಜಾವಾಸಿ’ಗೆ ಇನ್ನೊಮ್ಮೆ ಮಾಡಬೇಕು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ಹೊಸ ಕಂಪೈಲರ್ ತಯಾರಿಸಿದ ಫೈಲನ್ನು ಹಳೆಯ ಜಾವಾ ಓಡಿಸಲಾರದೆ ನಿಲ್ಲುತ್ತದೆ. ‘ಜಾವಾ ಹೋಮ್’ ಬರೆಯುವುದು ಹೋಮ್ ಫೋಲ್ಡರಿನ ‘ಬ್ಯಾಷ್‌ಆರ್‌ಸಿ’ ಅಥವಾ ‘ಪ್ರೊಫೈಲ್’ ಫೈಲಿನಲ್ಲಿ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬಳಸುವವರು ಅದನ್ನು ಬೇರೆಯೇ ಕಂಪ್ಯೂಟರ್ ಎಂದು ಎಣಿಸುವುದು ಒಳ್ಳೆಯದು. ಹೊರಗಿನ ವಿಂಡೋಸಿನಲ್ಲಿ ಕಿಟ್ ಇದ್ದರೂ ಒಳಗಿನ ಲಿನಕ್ಸಿಗೆ ಅದರದೇ ಕಿಟ್ ಬೇಕು.

ಮೂರರಲ್ಲಿ ಯಾವುದೇ ಆಗಲಿ, ಪರೀಕ್ಷೆ ಒಂದೇ. ಹೊಸ ವಿಂಡೋ ತೆರೆದು ‘ಜಾವಾ’ ಎಂದು ಬರೆದು, ಒಂದು ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ, ‘ವರ್ಷನ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಆಮೇಲೆ ‘ಜಾವಾಸಿ’ಗೂ ಹಾಗೆಯೇ. ಎರಡೂ ಒಂದೇ ಸಂಖ್ಯೆ ಹೇಳಿದರೆ ಕಿಟ್ ಸರಿಯಾಗಿ ಕೂತಿದೆ. ಹಳೆಯ 8ನೇ ಆವೃತ್ತಿಗೆ ಎರಡು ಗೆರೆಯ ಈ ಬರವಣಿಗೆ ಅರ್ಥವಾಗುವುದಿಲ್ಲ, ಅದಕ್ಕೆ ಒಂದೇ ಗೆರೆ. ಮೊದಲ ಪ್ರೋಗ್ರಾಮ್ ಬರೆಯುವಾಗ ವಿಂಡೋಸಿನ ನೋಟ್‌ಪ್ಯಾಡ್ ಒಂದು ಮೋಸ ಮಾಡುತ್ತದೆ. ಫೈಲಿನ ಹೆಸರಿನ ಕೊನೆಗೆ ತಾನಾಗಿ ‘ಟಿಎಕ್ಸ್‌ಟಿ’ ಸೇರಿಸುತ್ತದೆ, ವಿಂಡೋಸ್ ಅದನ್ನು ಕಣ್ಣಿಗೆ ಕಾಣದಂತೆ ಮರೆಮಾಡುತ್ತದೆ. ಹೆಸರು ಸರಿಯಾಗಿಯೇ ಕಾಣುತ್ತಿರುತ್ತದೆ, ಕಂಪೈಲರ್‌ಗೆ ಮಾತ್ರ ಆ ಫೈಲು ಸಿಗುವುದಿಲ್ಲ. ಫೋಲ್ಡರಿನ ವ್ಯೂ ಮೆನುವಿನಲ್ಲಿ ಹೆಸರಿನ ಬಾಲವನ್ನೂ ತೋರಿಸುವ ಆಯ್ಕೆಯಿದೆ, ಅದನ್ನು ಆರಿಸಿಕೊಂಡರೆ ಗುಟ್ಟು ಹೊರಬೀಳುತ್ತದೆ. ಇನ್ನೊಂದು ತೊಡಕು: ಫೈಲಿನ ಹೆಸರಿನ ದೊಡ್ಡ, ಚಿಕ್ಕ ಅಕ್ಷರಗಳಿಗೆ ವಿಂಡೋಸ್ ಅಷ್ಟು ಬೆಲೆ ಕೊಡುವುದಿಲ್ಲ, ಲಿನಕ್ಸಿಗೆ ಅವು ಬೇರೆ ಬೇರೆ ಹೆಸರುಗಳೇ. ಇಲ್ಲಿ ನಡೆದದ್ದು ಅಲ್ಲಿ ನಡೆಯದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಎಕ್ಲಿಪ್ಸ್, ಇಂಟೆಲಿಜೆ, ಆಂಡ್ರಾಯ್ಡ್ ಸ್ಟುಡಿಯೋದಂಥ ಎಡಿಟರುಗಳ ಒಳಗೆ ಎಲ್ಲ ಓಡುತ್ತಿದ್ದರೂ ಕಮಾಂಡ್ ವಿಂಡೋದಲ್ಲಿ ಜಾವಾ ಸಿಗುತ್ತಿಲ್ಲ ಎಂಬ ದೂರು ಆಗಾಗ ಬರುತ್ತದೆ. ಅವು ತಮ್ಮದೇ ಜಾವಾವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬರುತ್ತವೆ. ‘ಪಾತ್’ ಪಟ್ಟಿಗೂ ಅದಕ್ಕೂ ನಂಟಿಲ್ಲ.

ಒಂದೇ ಕಂಪ್ಯೂಟರಿನಲ್ಲಿ ಹಲವು ಆವೃತ್ತಿಗಳು ಇರುವಾಗ ಹೊಸಬರನ್ನು ಹೆಚ್ಚು ಹೆದರಿಸುವ ದೋಷಸಂದೇಶವೆಂದರೆ ಕ್ಲಾಸ್ ಫೈಲಿನ ಆವೃತ್ತಿ ಹೊಂದುತ್ತಿಲ್ಲ ಎಂಬುದು. ಅದರಲ್ಲಿ 61, 65 ಎಂಬಂಥ ಸಂಖ್ಯೆಗಳಿರುತ್ತವೆ. ಜಾವಾದ ಆವೃತ್ತಿಗೆ 44 ಕೂಡಿಸಿದರೆ ಬರುವ ಸಂಖ್ಯೆ ಅದು: 8ಕ್ಕೆ 52, 17ಕ್ಕೆ 61, 21ಕ್ಕೆ 65. ಸಂದೇಶದಲ್ಲಿ ಕಂಡ ಸಂಖ್ಯೆಯಿಂದ 44 ಕಳೆದರೆ ಯಾವ ಜಾವಾದಲ್ಲಿ ಕಂಪೈಲ್ ಆಗಿದೆ, ಯಾವುದರಲ್ಲಿ ಓಡಿಸಲು ಹೊರಟಿದ್ದೇವೆ ಎಂಬುದು ತಿಳಿಯುತ್ತದೆ, ಹೆದರಿಕೆ ಹೋಗಿ ಅದು ಬರೀ ಲೆಕ್ಕವಾಗಿ ಉಳಿಯುತ್ತದೆ. ದಿನವೂ ಆವೃತ್ತಿ ಬದಲಾಯಿಸುವವರಿಗೆ ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಎಸ್‌ಡಿಕೆಮ್ಯಾನ್ ಎಂಬ ಉಚಿತ ಸಲಕರಣೆಯಿದೆ. ಕಿಟ್ ಇಳಿಸುವುದು, ಎರಡೂ ವಿಳಾಸ ಬರೆಯುವುದು, ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕಿಟ್‌ನ ಆವೃತ್ತಿ ಇನ್ನೊಂದು ಕಾರಣಕ್ಕೂ ಮುಖ್ಯ. ‘ನಮಸ್ಕಾರ’ ಎಂದು ತೆರೆಯ ಮೇಲೆ ತೋರಿಸುವ ಪ್ರೋಗ್ರಾಮನ್ನು ತೆಗೆದುಕೊಳ್ಳೋಣ. ಕಣ್ಣಿಗೆ ಅದು ನಾಲ್ಕು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಏಳು: ನ, ಮ, ಸ, ಅರ್ಧಾಕ್ಷರದ ಗುರುತು, ಕ, ದೀರ್ಘದ ಗುರುತು, ರ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್, ಒಟ್ಟು 21 ಬೈಟ್. 17ರವರೆಗಿನ ಜಾವಾ, ಫೈಲನ್ನು ಯಾವ ಪದ್ಧತಿಯಲ್ಲಿ ಓದಬೇಕೆಂದು ಆಪರೇಟಿಂಗ್ ಸಿಸ್ಟಮನ್ನೇ ಕೇಳುತ್ತಿತ್ತು. ಮ್ಯಾಕ್, ಲಿನಕ್ಸ್ ಸಾಮಾನ್ಯವಾಗಿ ಯುಟಿಎಫ್-8 ಎನ್ನುತ್ತಿದ್ದವು. ಇಂಗ್ಲಿಷ್ ವಿಂಡೋಸ್ ಮಾತ್ರ ಯೂರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಪಟ್ಟಿಯ ಹೆಸರು ಹೇಳುತ್ತಿತ್ತು. ಆ ಪಟ್ಟಿಯಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. ಹಾಗಾಗಿ ‘ನಮಸ್ಕಾರ’ 21 ಚೂರುಗಳಾಗಿ ಒಡೆದು, ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರ, ಅದರ ಪಕ್ಕ ಮೇಲಕ್ಕೇರಿಸಿ ಬರೆದ ಪುಟ್ಟ 2 ಅಥವಾ 3, ಮತ್ತೆ ಅದೇ ರೋಮನ್ ಅಕ್ಷರ ಎಂಬಂಥ ಗೋಜಲು ಕಾಣಿಸುತ್ತಿತ್ತು. ಸ್ನೇಹಿತೆಯ ಲಿನಕ್ಸಿನಲ್ಲಿ ಸರಿಯಿದ್ದ ಕನ್ನಡ ತನ್ನ ವಿಂಡೋಸಿನಲ್ಲಿ ಕೆಟ್ಟಾಗ ವಿದ್ಯಾರ್ಥಿ ಫಾಂಟನ್ನು ದೂರುತ್ತಿದ್ದ, ತಪ್ಪು ಫಾಂಟಿನದಾಗಿರಲಿಲ್ಲ.

2022ರ 18ನೇ ಆವೃತ್ತಿಯಿಂದ ಜಾವಾ ಎಲ್ಲ ಸಿಸ್ಟಮಿನಲ್ಲೂ ಯುಟಿಎಫ್-8 ಎಂದೇ ಹಿಡಿಯುತ್ತದೆ. ಕನ್ನಡದಂಥ ಭಾಷೆಗಳಿಗೆ ಇದು ದೊಡ್ಡ ಉಪಕಾರ. 17 ಅಥವಾ ಹಿಂದಿನದರಲ್ಲೇ ಇರಬೇಕಾದವರು ಕಂಪೈಲರ್‌ಗೆ ‘ಎನ್‌ಕೋಡಿಂಗ್’ ಎಂಬ ಸೂಚನೆಯ ಜೊತೆ ಯುಟಿಎಫ್-8 ಎಂದು ತಿಳಿಸಿದರೆ ಅದು ಫೈಲನ್ನು ಸರಿಯಾಗಿ ಓದಿಕೊಳ್ಳುತ್ತದೆ. ಆದರೂ ವಿಂಡೋಸಿನ ಕಮಾಂಡ್ ವಿಂಡೋದಲ್ಲಿ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳ ಸಾಲು ಬರಬಹುದು, ಏಕೆಂದರೆ ಆ ವಿಂಡೋಗೆ ಅದರದೇ ಹಳೆಯ ಪಟ್ಟಿಯಿದೆ. ‘ಸಿಎಚ್‌ಸಿಪಿ’ ಎಂದು ಬರೆದು ಪಕ್ಕದಲ್ಲಿ 65001 ಎಂದು ಹಾಕಿದರೆ ವಿಂಡೋ ಯುಟಿಎಫ್-8ಕ್ಕೆ ಬದಲಾಗುತ್ತದೆ. ಅಷ್ಟಾದರೂ ಹಳೆಯ ಬಗೆಯ ಆ ವಿಂಡೋಗೆ ಒತ್ತಕ್ಷರ ಕೂಡಿಸಿ ತೋರಿಸಲು ಬರುವುದಿಲ್ಲ. ‘ಸ್ಕಾ’ ಬಿಡಿಬಿಡಿಯಾಗಿಯೇ ಕಾಣುತ್ತದೆ. ಪ್ರೋಗ್ರಾಮಿನ ಫಲಿತವನ್ನು ಫೈಲಿಗೆ ಯುಟಿಎಫ್-8ರಲ್ಲಿ ಬರೆಸಿ ನೋಟ್‌ಪ್ಯಾಡಿನಲ್ಲಿ ತೆರೆದರೆ ಕನ್ನಡ ಕನ್ನಡವಾಗಿಯೇ ಇರುವುದು ಗೊತ್ತಾಗುತ್ತದೆ. ಜಾವಾದಲ್ಲಿ ವೇರಿಯಬಲ್‌ಗಳಿಗೂ ‘ಮೊತ್ತ’, ‘ಅಂಕ’ ಎಂದು ಕನ್ನಡದ ಹೆಸರನ್ನೇ ಇಡಬಹುದು. ಕಂಪೈಲರ್ ತಕರಾರು ಮಾಡುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಪಾಠಗಳಲ್ಲಿ ಇದನ್ನು ತೋರಿಸಿಕೊಡುವ ಶಿಕ್ಷಕರು ಇನ್ನಷ್ಟು ಜನ ಆಗಬೇಕು. ವಿಂಡೋಸಿನ ಬಳಕೆದಾರರ ಹೆಸರು ಅಥವಾ ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಕೆಲವು ಹಳೆಯ ಸಲಕರಣೆಗಳು ಇನ್ನೂ ಮುಗ್ಗರಿಸುತ್ತವೆ. ಕಿಟ್ ಮತ್ತು ಪ್ರಾಜೆಕ್ಟ್ ಇಡುವ ಫೋಲ್ಡರಿಗೆ ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳೇ ಸುರಕ್ಷಿತ.

ಕೂರಿಸಿದ ಕಿಟ್ಟನ್ನು ಹಾಗೆಯೇ ಬಿಡುವಂತಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಭದ್ರತೆಯ ಲೋಪಗಳನ್ನು ಸರಿಪಡಿಸಿದ ಹೊಸ ಕಟ್ಟುಗಳು ಬರುತ್ತವೆ. ಲಿನಕ್ಸಿನಲ್ಲಿ ಅವು ಸಿಸ್ಟಮಿನ ಉಳಿದ ಅಪ್‌ಡೇಟ್‌ಗಳ ಜೊತೆಯಲ್ಲೇ ಇಳಿಯುತ್ತವೆ. ಜಿಪ್ ಬಿಚ್ಚಿ ಹಾಕಿಕೊಂಡವರು ತಾವೇ ನೋಡಿಕೊಳ್ಳಬೇಕು. ಹಳೆಯದನ್ನು ತೆಗೆಯುವುದು ವಿಂಡೋಸಿನಲ್ಲಿ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದ, ಲಿನಕ್ಸಿನಲ್ಲಿ ಪ್ಯಾಕೇಜ್ ಮ್ಯಾನೇಜರ್‌ನಿಂದ, ಮ್ಯಾಕಿನಲ್ಲಿ ‘ಜಾವಾ ವರ್ಚುವಲ್ ಮಷೀನ್ಸ್’ ಒಳಗಿನ ಆ ಒಂದು ಫೋಲ್ಡರನ್ನು ಅಳಿಸುವುದರಿಂದ. ಕೈಯಾರೆ ಬರೆದ ವಿಳಾಸಗಳು ಮಾತ್ರ ಕಿಟ್ ಹೋದ ಮೇಲೂ ಪಟ್ಟಿಯಲ್ಲಿ ಉಳಿದುಬಿಡುತ್ತವೆ. ‘ಪಾತ್’ನಲ್ಲಿ ಉಳಿದದ್ದರಿಂದ ಕೇಡಿಲ್ಲ, ಇಲ್ಲದ ಫೋಲ್ಡರನ್ನು ಕಂಪ್ಯೂಟರ್ ದಾಟಿಕೊಂಡು ಮುಂದೆ ಹೋಗುತ್ತದೆ. ‘ಜಾವಾ ಹೋಮ್’ ಹಳೆಯ ವಿಳಾಸದಲ್ಲೇ ಉಳಿದರೆ ಮೇವನ್ ಅಲ್ಲಿಗೇ ನಿಲ್ಲುತ್ತದೆ. ಹೊಸ ಕಿಟ್ ಕೂರಿಸಿದ ದಿನವೇ ಆ ಸಾಲನ್ನು ತಿದ್ದಿಬಿಡಬೇಕು.